ಸೂರಿನ ಸೇವೆಗೆ ಎಂಥ ಮುಂದಾಳು ಬೇಕು?

ಕಲ್ಯಾಣದ ಶರಣರ ಚರಿತ್ರೆಯನ್ನು ಓದುವಾಗ ಒಂದು ಹೆಸರು ನಮ್ಮನ್ನು ಮತ್ತೆ ಮತ್ತೆ ತಡೆದು ನಿಲ್ಲಿಸುತ್ತದೆ. ಬಿಜ್ಜಳನ ಆಡಳಿತದಲ್ಲಿ ಉನ್ನತ ಪದವಿಯಲ್ಲಿದ್ದ ಅಣ್ಣ ಬಸವಣ್ಣನವರ ನಿವಾಸವನ್ನು ನಮ್ಮ ಪರಂಪರೆಯು ಸೌಧವೆಂದು ಕರೆಯಲಿಲ್ಲ. ಮಹಾಮನೆ ಎಂದು ಕರೆಯಿತು. ಬಾಗೇವಾಡಿಯ ತಂದೆಯ ಮನೆಯನ್ನು ತೊರೆದು ಕೂಡಲಸಂಗಮಕ್ಕೆ ನಡೆದ ಬಾಲಕನೇ ಮುಂದೆ ಊರೂರಿನಿಂದ ಬಂದ ಕಾಯಕಜೀವಿಗಳಿಗೆ ಬಾಗಿಲು ತೆರೆದಿಟ್ಟ ಆ ಮನೆಯ ಒಡೆಯನಾದನು. ಆ ಬಾಗಿಲಲ್ಲಿ ನಿಂತವರನ್ನು ಯಾವ ಜಾತಿಯವರು ಎಂದು ಕೇಳಲಿಲ್ಲ. ಗಂಗಾಂಬಿಕೆ, ನೀಲಾಂಬಿಕೆಯರು ದಾಸೋಹವನ್ನು ನಡೆಸಿದರು. ಲೋಕವನ್ನೇ ತಿದ್ದಹೊರಟ ಚಳವಳಿಯೊಂದರ ಕೇಂದ್ರವು ಒಂದು ಮನೆಯಾಗಿತ್ತೆಂಬುದು ಸಣ್ಣ ಮಾತಲ್ಲ.

ಈ ಮಾತನ್ನು ಈಗ ನೆನೆಯಲು ಕಾರಣವುಂಟು. ಕೆಲವು ತಿಂಗಳಿಂದ ನಮ್ಮ ಪರಿಚಯದ ಗೃಹಸ್ಥರು ಕೂಡಿ, ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಸೀಮೆಗಳಲ್ಲಿ ಸೂರಿಲ್ಲದವರಿಗಾಗಿ ಒಂದು ಸಂಘವನ್ನು ಕಟ್ಟುವ ಆಲೋಚನೆ ಮಾಡುತ್ತಿದ್ದಾರೆ. ಚಡಚಣ, ದೇವರ ಹಿಪ್ಪರಗಿ, ಆಲಮೇಲ, ತಾಳಿಕೋಟೆ, ನಿಡಗುಂದಿ, ಕೊಲ್ಹಾರಗಳು ಈಗ ಬೇರೆ ತಾಲೂಕುಗಳಾಗಿದ್ದರೂ ಹಿರಿಯರ ಲೆಕ್ಕದಲ್ಲಿ ಅವೆಲ್ಲ ಈ ನಾಲ್ಕರೊಳಗಿನವೇ. ಉದ್ದೇಶ ಒಳ್ಳೆಯದು. ಆದರೆ ಪ್ರತಿ ಸಭೆಯಲ್ಲಿಯೂ ಮೊದಲು ಏಳುವ ಪ್ರಶ್ನೆ ಒಂದೇ: ಅಧ್ಯಕ್ಷರು ಯಾರು? ಒಬ್ಬರು ಶ್ರೀಮಂತರ ಹೆಸರು ಹೇಳುತ್ತಾರೆ. ಇನ್ನೊಬ್ಬರು ಅಧಿಕಾರಸ್ಥರ ಹೆಸರು ಹೇಳುತ್ತಾರೆ. ಆ ಸಭೆಗಳಿಂದ ಹಿಂದಿರುಗುವಾಗ ನಮ್ಮ ಮನಸ್ಸಿನಲ್ಲಿ ಉಳಿದ ವಿಚಾರವನ್ನು ಓದುಗ ಬಂಧುಗಳ ಮುಂದೆ ಇಡುತ್ತಿದ್ದೇವೆ.

ನಮ್ಮ ಸಮಾಜಕ್ಕೆ ಸಂಸ್ಥೆ ಕಟ್ಟುವುದು ಹೊಸದಲ್ಲ. 1910ರಲ್ಲಿ ವಿಜಯಪುರದಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಗೆ ಅಡಿಪಾಯ ಹಾಕಿದ ಫ.ಗು. ಹಳಕಟ್ಟಿಯವರು, 1912ರಲ್ಲಿ ಸಿದ್ಧೇಶ್ವರ ಬ್ಯಾಂಕಿನ ಸ್ಥಾಪನೆಗೂ ಕಾರಣರಾದರು. ಇಂಡಿ ಸೀಮೆಯ ಬಂಥನಾಳದ ಶ್ರೀ ಸಂಗನಬಸವ ಶಿವಯೋಗಿಗಳು ಆ ವಿದ್ಯಾಸಂಸ್ಥೆಯನ್ನು ಬೆಳೆಸಿದರು. ಶಾಲೆ, ಪ್ರಸಾದ ನಿಲಯ, ಆಸ್ಪತ್ರೆಗಳು ಎದ್ದವು. ಆದರೆ ವಾಸದ ಮನೆಯ ಚಿಂತೆಯನ್ನು ನಾವು ಸರಕಾರಕ್ಕೆ ಬಿಟ್ಟುಕೊಟ್ಟೆವು. ಅದು ಪ್ರತಿ ಕುಟುಂಬದ ಸ್ವಂತ ಕೆಲಸವೆಂದು ತಿಳಿದೆವು.

ನಮ್ಮ ಸೀಮೆಯಲ್ಲಿ ಮನೆಯ ಕಷ್ಟ ಎಲ್ಲಿಂದ ಬರುತ್ತದೆಂಬುದನ್ನು ಮೊದಲು ನೋಡೋಣ. ಒಂದು, ನೆಲದಿಂದ ಬರುತ್ತದೆ. ಡೋಣಿ ದಂಡೆಯ ಎರೆಮಣ್ಣು ಬಿಳಿಜೋಳಕ್ಕೆ ಬಂಗಾರ, ಗೋಡೆಗೆ ಶತ್ರು. ಮಳೆಗೆ ಉಬ್ಬುತ್ತದೆ, ಬೇಸಗೆಗೆ ಕುಗ್ಗಿ ಬಿರಿಯುತ್ತದೆ. ಅಡಿಪಾಯವನ್ನು ಕೆಳಗಿನ ಗಟ್ಟಿ ಗರಸಿನವರೆಗೆ ಇಳಿಸದಿದ್ದರೆ ಕೆಲವೇ ವರ್ಷಗಳಲ್ಲಿ ಗೋಡೆ ಸೀಳುತ್ತದೆ. ಬಡವನಿಗೆ ಬರುವ ಸಹಾಯಧನದ ಬಹುಭಾಗ ಆ ಗುಂಡಿಯಲ್ಲಿಯೇ ಮುಗಿಯುತ್ತದೆ.

ಎರಡು, ಮೇಲಿನಿಂದ ಬರುತ್ತದೆ. ನಮ್ಮ ಹಳೆಯ ಮಾಳಿಗೆ ಮನೆಗಳು ತೊಲೆ, ಜಂತಿಗಳ ಮೇಲೆ ಮಣ್ಣು ಹಾಸಿದವು; ಬೇಸಗೆಯಲ್ಲಿ ತಂಪು. ಆದರೆ ಸೋರದಿರಲೆಂದು ಮಳೆಗಾಲಕ್ಕೆ ಮುಂಚೆ ಹೊಸ ಮಣ್ಣು ಹಾಕುತ್ತ ಹೋದಂತೆ ಭಾರ ಬೆಳೆಯುತ್ತದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನಮ್ಮ ಗಡಿಯಾಚೆಯ ಕಿಲ್ಲಾರಿ ಭಾಗದಲ್ಲಿ ಭೂಮಿ ನಡುಗಿದಾಗ ಸಾವಿರಾರು ಜನರ ಮೇಲೆ ಬಿದ್ದದ್ದು ಇಂಥ ಕಲ್ಲುಗೋಡೆ, ಮಣ್ಣಿನ ಮಾಳಿಗೆಗಳೇ.

ಮೂರು, ನೀರಿನಿಂದ ಬರುತ್ತದೆ. 1964ರಲ್ಲಿ ಶಂಕುಸ್ಥಾಪನೆಯಾದ ಆಲಮಟ್ಟಿ ಅಣೆಕಟ್ಟು 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರಿಂದ ಲೋಕಾರ್ಪಣೆಯಾಗುವಷ್ಟರಲ್ಲಿ ಕೃಷ್ಣೆಯ ದಂಡೆಯ ಎಷ್ಟೋ ಊರುಗಳು ಪುನರ್ವಸತಿ ಕೇಂದ್ರಗಳಾಗಿದ್ದವು. 1990ರ ದಶಕದಲ್ಲಿ ನಿರಾಶ್ರಿತರ ವ್ಯವಸ್ಥೆ ಸರಿಯಿಲ್ಲವೆಂದು ವಿಶ್ವಬ್ಯಾಂಕು ಸಾಲದ ಹಣವನ್ನೇ ತಡೆಹಿಡಿದ ಪ್ರಸಂಗವೂ ನಡೆಯಿತು. 2010ರಲ್ಲಿ ನ್ಯಾಯಾಧಿಕರಣವು ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ಒಪ್ಪಿತು. ಆ ಮಟ್ಟಕ್ಕೆ ಇನ್ನೂ ಇಪ್ಪತ್ತು ಗ್ರಾಮಗಳು ಮುಳುಗಡೆಯ ಪಟ್ಟಿಯಲ್ಲಿವೆ. ಇತ್ತ ಇಂಡಿ, ಸಿಂದಗಿ ಕಡೆ ಭೀಮೆಯು 2020ರ ಅಕ್ಟೋಬರಿನಲ್ಲಿ ಉಕ್ಕಿ ದಂಡೆಯ ಊರುಗಳಿಗೆ ನುಗ್ಗಿದಳು.

ನಾಲ್ಕನೆಯದು, ಕಾಗದದಿಂದ ಬರುವ ಕಷ್ಟ. ಇದೇ ಎಲ್ಲಕ್ಕಿಂತ ಕಠಿಣ. ತಲೆಮಾರುಗಳಿಂದ ವಾಸವಿದ್ದರೂ ಉತಾರದಲ್ಲಿ ಹೆಸರಿಲ್ಲದ ಕುಟುಂಬಗಳು ತಾಂಡಾಗಳಲ್ಲಿ, ಊರ ಹೊರಗಿನ ಓಣಿಗಳಲ್ಲಿ ಎಷ್ಟೋ ಇವೆ. ಸರಕಾರಿ ಜಾಗದಲ್ಲಿ ಕಟ್ಟಿಕೊಂಡ ವಾಸದ ಮನೆಯನ್ನು ಸಕ್ರಮ ಮಾಡಿಕೊಡಲು ಭೂಕಂದಾಯ ಕಾಯ್ದೆಯಲ್ಲಿ 94-ಸಿ ಕಲಮು ಇದೆ. ತಾಂಡಾ, ಹಟ್ಟಿಗಳನ್ನು ಕಂದಾಯ ಗ್ರಾಮಗಳೆಂದು ಗುರುತಿಸುವ ತಿದ್ದುಪಡಿಗಳೂ ಬಂದಿವೆ. 2023ರ ಜನವರಿ 19ರಂದು ಮಳಖೇಡದಲ್ಲಿ ನಮ್ಮ ಜಿಲ್ಲೆಯೂ ಸೇರಿ ಐದು ಜಿಲ್ಲೆಗಳ ಐವತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಕೊಡುವ ಕಾರ್ಯಕ್ಕೆ ಪ್ರಧಾನಮಂತ್ರಿಗಳು ಚಾಲನೆ ಕೊಟ್ಟರು. ಕಾನೂನು ಇದೆ, ಯೋಜನೆ ಇದೆ. ಹಾಗಿದ್ದರೂ ದೀಪಾವಳಿ ಕಳೆದ ಮೇಲೆ ಆ ತಾಂಡಾಗಳಿಗೆ ಹೋಗಿ ನೋಡಿರಿ: ಬಾಗಿಲುಗಳಿಗೆ ಬೀಗ. ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ, ಗೌಂಡಿ ಕೆಲಸಕ್ಕೆ ಗೋವೆಗೆ, ಪುಣೆಗೆ ಜನ ಗುಳೆ ಹೋಗಿರುತ್ತಾರೆ. ಪರವೂರಿನಲ್ಲಿ ಇತರರ ಮನೆಯ ಗೋಡೆ ಏರಿಸುವ ಕೈಗಳ ಯಜಮಾನನು, ತನ್ನೂರಿನ ಗ್ರಾಮಸಭೆಯಲ್ಲಿ ಫಲಾನುಭವಿಗಳ ಪಟ್ಟಿ ಓದುವ ದಿನ ಅಲ್ಲಿ ಇರುವುದಿಲ್ಲ. ಇಲ್ಲದವನ ಹೆಸರನ್ನು ಓದುವವರು ಯಾರು?

ಪಟ್ಟಿಯಲ್ಲಿ ಹೆಸರು ಬಂದ ಮೇಲೂ ಕಥೆ ಮುಗಿಯದು. ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯಲ್ಲಿ ಬಯಲುಸೀಮೆಯ ಮನೆಗೆ 1 ಲಕ್ಷ 20 ಸಾವಿರ ರೂಪಾಯಿ ಗೊತ್ತುಮಾಡಿದ್ದಾರೆ. ರಾಜ್ಯದ ಬಸವ ವಸತಿ ಮೊದಲಾದ ಯೋಜನೆಗಳು 2000ದಲ್ಲಿ ಸ್ಥಾಪಿತವಾದ ರಾಜೀವ್ ಗಾಂಧಿ ವಸತಿ ನಿಗಮದ ಮೂಲಕ ನಡೆಯುತ್ತವೆ. ಹಣವು ಕಂತುಕಂತಾಗಿ, ಕೆಲಸ ಏರಿದ ಹಾಗೆ ಬರುತ್ತದೆ. ಇದು ನ್ಯಾಯವೇ, ಹಣ ಪೋಲಾಗಬಾರದು. ಆದರೆ ಕೈಯಲ್ಲಿ ಬಿಡಿಗಾಸಿಲ್ಲದವನು ಅಡಿಪಾಯವನ್ನು ಸಾಲ ಮಾಡಿ ಎಬ್ಬಿಸಬೇಕು. ಫೋಟೋ ತೆಗೆಯುವವರು ಬರುವವರೆಗೆ ಬಡ್ಡಿ ಬೆಳೆಯುತ್ತದೆ. ಅರ್ಧಕ್ಕೆ ನಿಂತ ಗೋಡೆಗಳನ್ನು ಈ ನಾಲ್ಕೂ ಸೀಮೆಗಳಲ್ಲಿ ನಾವು ಕಂಡಿದ್ದೇವೆ. ಅವುಗಳ ನಡುವೆ ಜಾಲಿ ಬೆಳೆದಿರುತ್ತದೆ.

ಮುದ್ದೇಬಿಹಾಳ ಕಡೆಯ ಒಂದು ಹಳ್ಳಿಯಲ್ಲಿ ಇಂಥದೇ ಗೋಡೆಯ ಮಗ್ಗುಲಲ್ಲಿ ತಗಡಿನ ಮರೆ ಕಟ್ಟಿಕೊಂಡಿದ್ದ ವಯಸ್ಸಾದ ತಾಯಿಯೊಬ್ಬಳು ನಮಗೆ ಹೇಳಿದ ಮಾತು ಇದು: “ಮನಿ ಕೊಡಸ್ರಿ ಅಂತ ನಾ ಕೇಳಂಗಿಲ್ಲ ಯಪ್ಪಾ. ಪಂಚಾಯ್ತಿಗೆ ಹೋಗೂ ದಿನ ನನ್ನ ಸಂಗಾಟ ಬರ್ರಿ, ಅಷ್ಟ ಸಾಕು.” ಸಭೆಗಳಲ್ಲಿ ಅಧ್ಯಕ್ಷರ ಹೆಸರು ಹುಡುಕುವಾಗಲೆಲ್ಲ ನಮಗೆ ಈ ತಾಯಿಯ ಮಾತು ಕೇಳಿಸುತ್ತದೆ. ಆಕೆಗೆ ಬೇಕಾದುದು ದಾನಿಯಲ್ಲ, ಸಂಗಾತಿ.

ಆ ಬಗೆಯ ಸಂಗಾತಿಯಾಗಿ ಬಾಳಿದವರೊಬ್ಬರು ನಮ್ಮ ರಾಜ್ಯದಲ್ಲಿಯೇ ಹುಟ್ಟಿದ್ದರು. ಕೋಲಾರದ ಚಿನ್ನದ ಗಣಿಯ ಊರಿನ ಜೋಕಿನ್ ಅರ್ಪುತಮ್ ಅವರು ಹರೆಯದಲ್ಲಿ ಕೆಲಸ ಹುಡುಕುತ್ತ ಮುಂಬಯಿಗೆ ಹೋಗಿ, ಬಡಗಿತನ ಮಾಡುತ್ತ ಜನತಾ ಕಾಲೊನಿಯೆಂಬ ಕೊಳೆಗೇರಿಯಲ್ಲಿ ನೆಲೆಸಿದರು. ಅಲ್ಲಿ ಕಸ ಎತ್ತುವವರಿರಲಿಲ್ಲ. ಅವರು ಮಕ್ಕಳನ್ನು ಕೂಡಿಸಿಕೊಂಡು ಆ ಕಸವನ್ನು ಹೊತ್ತು ನಗರಸಭೆಯ ಕಚೇರಿಯ ಮುಂದೆ ಸುರಿದರು. ಕಸ ಎತ್ತುವ ವ್ಯವಸ್ಥೆ ತಾನಾಗಿ ಬಂದಿತು. 1976ರಲ್ಲಿ, ತುರ್ತು ಪರಿಸ್ಥಿತಿಯ ಕಾಲದಲ್ಲಿ, ಆ ಇಡೀ ಕಾಲೊನಿಯನ್ನು ಕೆಡವಿದರು. ವರ್ಷಗಟ್ಟಲೆ ಹೋರಾಡಿದವರ ಮನೆಯೂ ಹೋಯಿತು. ಆದರೆ ಆ ಹೋರಾಟದಿಂದ ರಾಷ್ಟ್ರೀಯ ಕೊಳೆಗೇರಿ ನಿವಾಸಿಗಳ ಒಕ್ಕೂಟ ಬೆಳೆಯಿತು. 1984ರಲ್ಲಿ ಶೀಲಾ ಪಟೇಲ್ ಮತ್ತು ಸಂಗಡಿಗರು ಕಟ್ಟಿದ ಸ್ಪಾರ್ಕ್ ಸಂಸ್ಥೆ ಹಾಗೂ ಫುಟ್‌ಪಾತಿನ ಹೆಣ್ಣುಮಕ್ಕಳ ಮಹಿಳಾ ಮಿಲನ್ ಅದರ ಜೊತೆಗೂಡಿದವು.

ಇವರ ಕೆಲಸದ ರೀತಿಯನ್ನು ಗಮನಿಸಬೇಕು. ಕೆಡವಲು ಬಂದವರನ್ನು ಬೈಯುವುದಕ್ಕಿಂತ ಮೊದಲು ಅವರು ಎಣಿಸಿದರು. ಯಾವ ಗುಡಿಸಲಲ್ಲಿ ಯಾರು, ಎಲ್ಲಿಂದ ಬಂದರು, ಏನು ದುಡಿಯುತ್ತಾರೆ, ಎಷ್ಟು ವರ್ಷವಾಯಿತು ಎಂಬುದನ್ನು ಅಲ್ಲಿ ವಾಸಿಸುವವರೇ ಬರೆದಿಟ್ಟರು. ಸರಕಾರದ ಲೆಕ್ಕಕ್ಕೆ ಸಿಗದಿದ್ದ ಜನ ತಮ್ಮ ಲೆಕ್ಕವನ್ನು ತಾವೇ ಅಧಿಕಾರಿಗಳ ಮೇಜಿನ ಮೇಲೆ ಇಟ್ಟರು. ಹೆಂಗಸರು ದಿನದ ಗಳಿಕೆಯಲ್ಲಿ ಚಿಲ್ಲರೆ ಕಾಸು ಕೂಡಿಸಿ ಉಳಿತಾಯ ಮಾಡಿದರು. ತಮಗೆ ಬೇಕಾದ ಮನೆಯ ಮಾದರಿಯನ್ನು ತಾವೇ ನಿಜವಾದ ಅಳತೆಯಲ್ಲಿ ನಿಲ್ಲಿಸಿ ತೋರಿಸಿದರು. ಅರ್ಪುತಮ್ ಅವರಿಗೆ 2000ದಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, 2011ರಲ್ಲಿ ಪದ್ಮಶ್ರೀ ಬಂದವು. 2018ರಲ್ಲಿ ಅವರು ತೀರಿಕೊಂಡರು. ಅವರ ಮುಂದಾಳುತನದ ಗುಟ್ಟನ್ನು ನಾವು ಹೀಗೆ ತಿಳಿದಿದ್ದೇವೆ: ಮಾತನಾಡಬೇಕಾದ ಜಾಗದಲ್ಲಿ ಅವರು ಕೊಳೆಗೇರಿಯ ಹೆಣ್ಣುಮಗಳನ್ನು ಮುಂದೆ ಕೂಡಿಸಿ ತಾವು ಹಿಂದೆ ಕುಳಿತರು.

ಈ ಪಾಠವನ್ನು ಕಲಿಯಲು ನಮಗೆ ಮುಂಬಯಿ ಬೇಕಾಗಿಯೂ ಇಲ್ಲ. ದೇವರ ಹಿಪ್ಪರಗಿಯ ಮಡಿವಾಳ ಮಾಚಿದೇವರು ನಮ್ಮವರೇ. ಕೊಡುವವನು ತಾನೆಂಬ ಭಾವದ ನೆರಳು ಬಸವಣ್ಣನವರಂಥವರ ಮಾತಿನಲ್ಲಿಯೂ ಒಮ್ಮೆ ಇಣುಕಿದಾಗ ಮಾಚಿದೇವರು ಅದನ್ನು ಸಹಿಸದೆ ತಿದ್ದಿದರೆಂದೂ, ಬಸವಣ್ಣನವರು ತಲೆಬಾಗಿ ಒಪ್ಪಿದರೆಂದೂ ಪರಂಪರೆಯ ಕಥೆ ಹೇಳುತ್ತದೆ. ಬಟ್ಟೆ ಒಗೆಯುವ ಕಾಯಕದವರು ಮಂತ್ರಿಯನ್ನು ತಿದ್ದಬಹುದಾಗಿದ್ದ ಮನೆ ಅದು. ಆದುದರಿಂದಲೇ ಅದು ಮಹಾಮನೆ.

ಕೊಡುವವನ ಹಮ್ಮು ಎಂಥ ನಷ್ಟ ತರುತ್ತದೆಂಬುದಕ್ಕೆ 2009ರ ನೆರೆಯ ನಂತರದ ದಿನಗಳೇ ಸಾಕ್ಷಿ. ಆ ವರ್ಷ ಉತ್ತರ ಕರ್ನಾಟಕದ ಮೇಲೆ ಬಿದ್ದ ಮಳೆಗೆ ಲಕ್ಷಾಂತರ ಮನೆಗಳು ಹಾಳಾದವು. ಆಸರೆ ಯೋಜನೆಯಲ್ಲಿ ನಾಡಿನ ದಾನಿಗಳು ಉದಾರವಾಗಿ ಹೊಸ ಮನೆಗಳನ್ನು ಕಟ್ಟಿಸಿದರು. ಅವರ ಉಪಕಾರವನ್ನು ಮರೆಯಬಾರದು. ಆದರೂ ಹಲವು ಕಡೆ ಜನ ಆ ಮನೆಗಳಿಗೆ ಹೋಗಲಿಲ್ಲ. ಹೊಲ ದೂರವಾಯಿತು, ಎತ್ತು ಕಟ್ಟಲು, ಮೇವು, ಕಾಳು ಇಡಲು ಸ್ಥಳವಿರಲಿಲ್ಲ. ಒಕ್ಕಲಿಗನಿಗೆ ಮನೆಯೆಂದರೆ ನಾಲ್ಕು ಗೋಡೆಯಷ್ಟೇ ಅಲ್ಲ, ದನದ ಕೊಟ್ಟಿಗೆಯೂ ಹೌದೆಂದು ಮೊದಲೇ ಒಬ್ಬರು ಅವನನ್ನು ಕೇಳಿದ್ದರೆ ತಿಳಿಯುತ್ತಿತ್ತು.

ಹಾಗಾದರೆ ನಮ್ಮ ಸಂಘಕ್ಕೆ ಎಂಥವರು ಬೇಕು? ಮೊದಲನೆಯದಾಗಿ, ನಡೆಯುವವರು ಬೇಕು. ವರ್ಷಕ್ಕೊಮ್ಮೆ ಸನ್ಮಾನಕ್ಕೆ ಬರುವವರಿಂದ ಈ ಕೆಲಸ ಸಾಗದು. ಊರೂರಿನಲ್ಲಿ ಸೂರಿಲ್ಲದವರ ಪಟ್ಟಿಯನ್ನು ಆ ಊರಿನವರಿಂದಲೇ ಬರೆಸಿ, ಗುಳೆ ಹೋದವರ ಹೆಸರನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದುವವರು ಬೇಕು. ಎರಡನೆಯದಾಗಿ, ಪಟ್ಟಿಯಲ್ಲಿ ತನ್ನವರನ್ನು ಮೇಲೆ ತರದವರು ಬೇಕು. ಬಸವಣ್ಣನವರ ಹೆಸರು ಹೇಳಿ ಕಟ್ಟುವ ಸಂಘವು ಜಾತಿ ನೋಡಿ ಮನೆಯ ಅರ್ಜಿ ಬರೆದರೆ ಆ ಹೆಸರಿಗೆ ನಾವೇ ಮಸಿ ಬಳಿದಂತೆ. ಕೇರಿಯವರೂ ತಾಂಡಾದವರೂ ನಮ್ಮ ಬಡ ಲಿಂಗವಂತರೂ ಒಂದೇ ಸಾಲಿನಲ್ಲಿ ನಿಲ್ಲಬೇಕು. ಮೂರನೆಯದಾಗಿ, ಸಂಘದ ಕಾರ್ಯಕಾರಿ ಸಮಿತಿಯಲ್ಲಿ ಬಾಡಿಗೆಯ, ತಗಡಿನ, ಗುಡಿಸಲಿನ ಮನೆಯವರು ಅರ್ಧದಷ್ಟಾದರೂ ಇರಬೇಕು; ಅವರಲ್ಲಿ ತಾಯಂದಿರು ಹೆಚ್ಚಿರಬೇಕು. ನಾಲ್ಕನೆಯದಾಗಿ, ಬಂದ ಹಣ, ಹೋದ ಹಣದ ಲೆಕ್ಕ ಪ್ರತಿ ಅಮಾವಾಸ್ಯೆಗೆ ಗುಡಿಯ ಕಟ್ಟೆಯ ಮೇಲೆ ಎಲ್ಲರಿಗೂ ಕೇಳುವಂತೆ ಓದಲ್ಪಡಬೇಕು.

ನಮ್ಮ ಸಂಘ ಮನೆ ಕಟ್ಟಿಸುವ ಗುತ್ತಿಗೆಗೆ ಕೈಹಾಕುವುದು ಬೇಡವೆಂದೇ ನಮ್ಮ ಅಭಿಪ್ರಾಯ. ಹಣ ಸರಕಾರದಲ್ಲಿದೆ, ದುಡಿಮೆ ಜನರ ಕೈಯಲ್ಲಿದೆ. ಇವೆರಡರ ನಡುವೆ ಕಾಗದ ಹಿಡಿದು ಓಡಾಡುವವರು ಇಲ್ಲ. ಅಡಿಪಾಯಕ್ಕೆಂದು ಬಡ್ಡಿಯಿಲ್ಲದ ಸಣ್ಣ ಕೈಗಡ ಕೊಟ್ಟು, ಮೊದಲ ಕಂತು ಬಂದಾಗ ಮರಳಿ ಪಡೆದು ಮತ್ತೊಬ್ಬರಿಗೆ ಕೊಡುವ ಒಂದು ನಿಧಿ ಇದ್ದರೆ ಸಾಕು. ಅದನ್ನು ನಮ್ಮ ಮನೆಗಳು ತುಂಬಬಲ್ಲವು. ಲಗ್ನದ ಮಂಟಪಕ್ಕೆ, ಗೃಹಪ್ರವೇಶದ ಊಟಕ್ಕೆ ನಾವು ಸುರಿಯುವ ಹಣದಲ್ಲಿ ಒಂದು ಪಾಲು ತೆಗೆದಿಟ್ಟರೆ ಒಬ್ಬರ ಅಡಿಪಾಯ ಗರಸಿಗೆ ಮುಟ್ಟುತ್ತದೆ.

ಅಧ್ಯಕ್ಷರ ಹೆಸರನ್ನು ಇನ್ನೂ ಹುಡುಕುವವರಿಗೆ ಹಳಕಟ್ಟಿಯವರ ಬಾಳನ್ನು ನೆನಪಿಸಬಯಸುತ್ತೇವೆ. ಹೆಸರಾಂತ ವಕೀಲರಾಗಿದ್ದ ಅವರು ವಚನಗಳನ್ನು ಅಚ್ಚು ಮಾಡುವುದಕ್ಕಾಗಿ ಹಿತಚಿಂತಕ ಮುದ್ರಣಾಲಯವನ್ನು ತೆರೆದಾಗ ತಮ್ಮ ಸ್ವಂತ ಮನೆಯನ್ನೇ ಮಾರಿದರು. ಇಂದು ನಮ್ಮ ನಿಮ್ಮ ಮನೆಯ ದೇವರ ಜಗಲಿಯ ಮೇಲೆ ವಚನದ ಪುಸ್ತಕ ಇದ್ದರೆ ಅದರ ಹಿಂದೆ ಒಬ್ಬ ಪುಣ್ಯಾತ್ಮರು ಕಳೆದುಕೊಂಡ ಮನೆಯಿದೆ. ಆ ಋಣವನ್ನು ಪುಸ್ತಕಕ್ಕೆ ಪೂಜೆ ಮಾಡಿ ತೀರಿಸಲಾಗದು. ಸೂರಿಲ್ಲದ ಒಂದು ಕುಟುಂಬದ ಸಂಗಡ ಪಂಚಾಯಿತಿಯ ಮೆಟ್ಟಿಲು ಹತ್ತಿದರೆ ಅಷ್ಟಿಷ್ಟು ತೀರೀತು.

ಮುಂದಿನ ಗ್ರಾಮಸಭೆಯ ಡಂಗುರ ನಿಮ್ಮೂರಲ್ಲಿ ಕೇಳಿದಾಗ, ಬಂಧುಗಳೇ, ದಯವಿಟ್ಟು ಹೋಗಿರಿ. ನಿಮ್ಮ ಮನೆಯ ಕೆಲಸವಿಲ್ಲದಿದ್ದರೂ ಹೋಗಿರಿ. ಓಣಿಯ ಬಾಗಿಲಿಗೆ ಬೀಗ ಹಾಕಿ ಹೋದ ಒಬ್ಬನ ಹೆಸರನ್ನು ನೆನಪಿಟ್ಟುಕೊಂಡು ಹೋಗಿ, ಅವನ ಪರವಾಗಿ ಎದ್ದು ನಿಂತು ಕೇಳಿರಿ. ಸಂಘ ಆಗಲೇ ಕಟ್ಟಿದಂತಾಯಿತು. ಅಧ್ಯಕ್ಷರು ನಿಧಾನವಾಗಿ ಸಿಕ್ಕಾರು.