ವೈದ್ಯರಿತ್ತ ದಿನವೇ ಶುಭದಿನ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಭಕ್ತರು ಹೆರಿಗೆಯ ಶಸ್ತ್ರಚಿಕಿತ್ಸೆಗೆ ಮುಹೂರ್ತ ಕೇಳಲು ನಮ್ಮಲ್ಲಿಗೆ ಬರುವುದುಂಟು. ಈಚೆಗೆ ಬಂದ ಗರ್ಭಿಣಿಯೊಬ್ಬಳಿಗೆ ಮಾಸು ಗರ್ಭದ್ವಾರಕ್ಕೆ ಅಡ್ಡಲಾಗಿತ್ತು. ನೋವು ಆರಂಭವಾದರೆ ರಕ್ತಸ್ರಾವದಿಂದ ತಾಯಿ-ಮಗು ಇಬ್ಬರಿಗೂ ಅಪಾಯ. ಪ್ರಸೂತಿತಜ್ಞರು, ಅರಿವಳಿಕೆ ತಜ್ಞರು, ಹೊಂದುವ ರಕ್ತ ಈ ಮೂರೂ ಕೂಡುವ ದಿನ ತಾಲೂಕಿನಲ್ಲಿ ದೊರೆಯದೆ, ವಿಜಯಪುರದಲ್ಲಿ ಪ್ರಯಾಸದಿಂದ ದೊರಕಿತ್ತು. ಅಂದು ಅಮಾವಾಸ್ಯೆಯೆಂದು ಮನೆಯ ಹಿರಿಯರು ಹಿಂಜರಿದರು. ತಿಥಿವಾರಗಳ ಅಂಜಿಕೆಯನ್ನು ಬಸವಣ್ಣನವರು 12ನೆಯ ಶತಮಾನದಲ್ಲಿಯೇ ಬಿಡಿಸಿದ್ದಾರೆ. “ವೈದ್ಯರು ಕೊಟ್ಟ ದಿನವೇ ಶುಭದಿನ, ಹೋಗಿ ಬಾ ತಾಯಿ” ಎಂದು ವಿಭೂತಿಯಿತ್ತು ಕಳುಹಿದೆವು.

2016ರಿಂದ ಪ್ರತಿ ತಿಂಗಳ 9ನೆಯ ತಾರೀಖು ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆಯುಂಟು. ಅಪಾಯ ಮುಂಚೆ ತಿಳಿದರೆ ಶಸ್ತ್ರಚಿಕಿತ್ಸೆಯ ದಿನವನ್ನೂ ಮುಂಚೆ ಗೊತ್ತುಪಡಿಸಬಹುದು. ಭಕ್ತರು ಪಂಚಾಂಗಕ್ಕಿಂತ ಮೊದಲು ಆ ತಾರೀಖನ್ನು ನೋಡಲಿ. ತರುಣರು ರಕ್ತದಾನಕ್ಕೆ ಮುಂದಾಗಲಿ. ಅದೂ ದಾಸೋಹವೇ.