ಸಣ್ಣ ವಿಮಾನದ ಪಾಲಿನ ಆಕಾಶ

ದಾಂಡೇಲಿ-ಹಳಿಯಾಳ ರಸ್ತೆಯಲ್ಲಿ ಕಟ್ಟಿಗೆ ಹೇರಿದ ಲಾರಿಯೊಂದು ಭರ್ರೆಂದು ಹಾದುಹೋದರೆ ಪಕ್ಕದ ಸೈಕಲ್ ಸವಾರ ಅದರ ಗಾಳಿಗೇ ತತ್ತರಿಸುತ್ತಾನೆ. ಆಕಾಶದಲ್ಲೂ ಹೀಗೆಯೇ. ದೊಡ್ಡ ವಿಮಾನದ ರೆಕ್ಕೆಯ ತುದಿಗಳಿಂದ ಹೊರಡುವ ಸುಳಿಗಾಳಿ ಕಣ್ಣಿಗೆ ಕಾಣದು. ಆದರೆ ಹಿಂದೆ ಬರುವ ಸಣ್ಣ ಖಾಸಗಿ ವಿಮಾನವನ್ನು ಅದು ಮಗುಚಿಹಾಕಬಲ್ಲದು.

ಆದ್ದರಿಂದಲೇ ಒಂದು ಅಂತರರಾಷ್ಟ್ರೀಯ ನಿಯಮವಿದೆ. 7,000 ಕಿಲೋ ಮೀರದ ವಿಮಾನವು ಭಾರಿ ವಿಮಾನದ ಹಿಂದೆ ಇಳಿಯುವಾಗ ನಡುವೆ ಸುಮಾರು 11 ಕಿ.ಮೀ. ಅಂತರವಿರಬೇಕು. ಮುಂಬೈಯಂಥ ಗಿಜಿಗುಡುವ ನಿಲ್ದಾಣಕ್ಕೆ ಅಷ್ಟು ಜಾಗ, ಅಷ್ಟು ಹೊತ್ತು ಬಿಡುವುದು ಹೊರೆಯೇ ಸರಿ. ಆದರೆ ನಮ್ಮ ನಾಗರಿಕ ವಿಮಾನಯಾನ ಶುರುವಾದದ್ದೇ ಇಂಥ ಪುಟ್ಟ ವಿಮಾನದಿಂದ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಂಚೆ ಹೊತ್ತು ಮುಂಬೈಯ ಜುಹುವಿನಲ್ಲಿ ಇಳಿದದ್ದು ಒಂಟಿ ಎಂಜಿನ್ನಿನ ಪುಸ್ ಮಾತ್‌ನಲ್ಲಿ. ಆ ಅಂಚೆ ಮುಂದೆ ನಮ್ಮ ಬಳ್ಳಾರಿಯ ಮೂಲಕವೇ ಮದರಾಸು ತಲುಪಿತು.

ಈ ನಿಯಮದಲ್ಲಿ ನನಗೆ ಮೆಚ್ಚುಗೆಯಾದದ್ದು ಒಂದೇ. ಅದು ಸಣ್ಣವನಿಗೆ ತೋರುವ ಕರುಣೆಯಲ್ಲ, ಅವನ ಹಕ್ಕು. ದೊಡ್ಡವನಲ್ಲಿ ದ್ವೇಷವಿರಬೇಕೆಂದೇನೂ ಇಲ್ಲ, ಅವನ ಓಟದ ಗಾಳಿಯೇ ಸಾಕು ಸಣ್ಣವನನ್ನು ಉರುಳಿಸಲು. ಅದನ್ನು ಅರಿತು ಅಂತರ ಕಾಯಲು ಗೋಪುರದಲ್ಲಿ ಒಬ್ಬರು ಕೂತಿರುತ್ತಾರೆ. ಜೋಯಿಡಾದ ಕಾಡಿನ ಕುಣಬಿಗಳಿಗೆ, ಮುಂಡಗೋಡದ ಟಿಬೆಟಿಯನ್ನರಿಗೆ, ನಮ್ಮ ಮೊಹಲ್ಲಾಗಳಿಗೆ ಹಾಗೆ ಕಾಯುವವರು ಯಾರು? ನೆಲದ ಮೇಲೂ ಅಂಥ ಗೋಪುರವೊಂದು ಬೇಕು. ನ್ಯಾಯವೆಂದರೆ ಅದೇ.