ಬಿಯರ್ ಸಾಹುಕಾರನ ಹೊಲದಲ್ಲಿ ತಂದೂರಿ ಒಲೆ

ಟೊರಾಂಟೊದ ಬ್ರಾಡ್‌ವ್ಯೂ ಅವೆನ್ಯೂ ಬಿಟ್ಟು ಪಾಟರಿ ರಸ್ತೆಗೆ ತಿರುಗಿದೊಡನೆ ನೆಲ ಕಡಿದಾಗಿ ಇಳಿಯುತ್ತದೆ. ಮಂಡಿ ಬಿಗಿಹಿಡಿದು ಹೆಜ್ಜೆ ಇಡಬೇಕು. ಸೈಕಲ್ಲಿನವರು ಬ್ರೇಕಿನಿಂದ ಬೆರಳು ತೆಗೆಯುವುದೇ ಇಲ್ಲ. ಆಗಸ್ಟ್ ತಿಂಗಳ ಶುಕ್ರವಾರ, ಮಧ್ಯಾಹ್ನ ಮೂರರ ಬಿಸಿಲು. ಕೆಳಗೆ ಡಾನ್ ಕಣಿವೆ. ಮರಗಳ ಆಚೆಯಿಂದ ಡಾನ್ ವ್ಯಾಲಿ ಪಾರ್ಕ್‌ವೇಯ ಕಾರುಗಳ ಮೊರೆತ ಎಡೆಬಿಡದೆ ಬರುತ್ತಿದೆ. ಇಳಿಜಾರು ಮುಗಿಯುವಲ್ಲಿ ಟಾಡ್ಮರ್ಡನ್ ಮಿಲ್ಸ್. ಕೆಲವು ಹಳೆಯ ಮನೆಗಳು, ಒಂದು ಎತ್ತರದ ಇಟ್ಟಿಗೆ ಚಿಮಣಿ, ಹುಲ್ಲಿನ ಮೇಲೆ ಅವುಗಳ ನೆರಳು.

1820ರ ದಶಕದ ಆರಂಭದಲ್ಲಿ ಇಲ್ಲಿ ಬಿಯರ್ ಕುದಿಯುತ್ತಿತ್ತು. ಇಂಗ್ಲೆಂಡಿನ ಯಾರ್ಕ್‌ಷೈರ್ ಮತ್ತು ಲ್ಯಾಂಕಾಷೈರ್ ಗಡಿಯಲ್ಲಿರುವ ಟಾಡ್ಮರ್ಡನ್ ಊರಿನಿಂದ ಬಂದ ಥಾಮಸ್ ಹೆಲಿವೆಲ್‌ನ ಕುಟುಂಬ ನದಿ ದಂಡೆಯಲ್ಲಿ ಬ್ರೂವರಿ ಕಟ್ಟಿತು. ಕಣ್ಣು ಮುಚ್ಚಿಕೊಂಡರೆ ಕೆಲಸ ಕಾಣುತ್ತದೆ: ರಾಗಿ ಮಾಲ್ಟಿಗೆ ಮೊಳಕೆ ಕಟ್ಟುವ ಹಾಗೆಯೇ ಬಾರ್ಲಿಯನ್ನು ನೆನೆಸಿ ಮೊಳಕೆ ಬರಿಸುತ್ತಾರೆ, ಭಟ್ಟಿಯ ಕಾವಿಗೆ ಒಣಗಿಸುತ್ತಾರೆ, ನುಚ್ಚು ಮಾಡಿ ಬಿಸಿನೀರಿನಲ್ಲಿ ಕದಡುತ್ತಾರೆ, ಸೋಸಿದ ಸಿಹಿನೀರಿಗೆ ಹಾಪ್ಸ್ ಹಾಕಿ ಕುದಿಸುತ್ತಾರೆ, ತಣಿದ ಮೇಲೆ ಯೀಸ್ಟ್ ಬೆರೆಸಿ ಪೀಪಾಯಿಯಲ್ಲಿ ಬಿಡುತ್ತಾರೆ. ಹಗಲಿಡೀ ಸೌದೆ ಉರಿಯುವ ಉದ್ಯೋಗ. 1847ರಲ್ಲಿ ಬೆಂಕಿ ಕಟ್ಟಡವನ್ನೇ ನುಂಗಿತು. ಅಲ್ಲಿಗೆ ಹೆಲಿವೆಲ್ ಬಿಯರಿನ ಕಥೆ ಮುಗಿಯಿತು.

ಆ ಕುಟುಂಬ ಬಿಟ್ಟುಬಂದ ಸೀಮೆಯಲ್ಲಿ ನವೆಂಬರ್ 5 ಬಂತೆಂದರೆ ಊರೂರಿಗೆ ಬೆಂಕಿ. ಪ್ರಾಟೆಸ್ಟಂಟ್ ರಾಜನನ್ನು ಕೊಲ್ಲುವ ಕ್ಯಾಥೊಲಿಕ್ಕರ ಸಂಚಿನಲ್ಲಿದ್ದ, ಯಾರ್ಕ್ ಪಟ್ಟಣದಲ್ಲಿ ಹುಟ್ಟಿದ ಗೈ ಫಾಕ್ಸ್ 1605ರಲ್ಲಿ ಲಂಡನ್ನಿನ ಪಾರ್ಲಿಮೆಂಟಿನ ನೆಲಮಾಳಿಗೆಯಲ್ಲಿ ಸಿಡಿಮದ್ದಿನ ಪೀಪಾಯಿಗಳ ಸಮೇತ ಸಿಕ್ಕಿಬಿದ್ದ. ರಾಜ ಬದುಕಿದ ಸಂತೋಷವನ್ನು ಪ್ರತಿವರ್ಷ ಆಚರಿಸಲೇಬೇಕೆಂದು 1606ರಲ್ಲಿ ಕಾಯ್ದೆ ಬಂತು. ಅದು ರದ್ದಾದದ್ದು 1859ರಲ್ಲಿ. ಹೆಲಿವೆಲ್‌ಗಳು ಹಡಗು ಹತ್ತುವ ಕಾಲಕ್ಕೆ ಈ ಹಬ್ಬ ಇನ್ನೂ ಸರ್ಕಾರಿ ಅಪ್ಪಣೆಯೇ. ಯಾರ್ಕ್‌ಷೈರಿನ ಹುಡುಗರು ವಾರಗಟ್ಟಲೆ ಮೊದಲೇ ಸೌದೆ ಕೂಡಿಸಲು ಹೊರಡುತ್ತಿದ್ದರು. ಪಕ್ಕದ ಬೀದಿಯ ರಾಶಿಯಿಂದ ಕದಿಯುವುದು, ತಮ್ಮ ರಾಶಿಗೆ ರಾತ್ರಿ ಕಾವಲು ಕೂರುವುದು, ಎರಡೂ ಆಟದ ಭಾಗ. ಬಾಗಲಕೋಟೆಯಲ್ಲೋ ಹುಬ್ಬಳ್ಳಿಯಲ್ಲೋ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೋಳಿ ಬಂತೆಂದರೆ ಹಲಗಿ ಬಡಿಯುತ್ತ, ಕಾಮಣ್ಣನ ಹೆಸರಿನಲ್ಲಿ ಬಾಯಿ ಬಡಿದುಕೊಳ್ಳುತ್ತ, ಮುದುಕಿಯ ಹಿತ್ತಲಿನ ಕುಳ್ಳು, ಮುರಿದ ಹೊರಸು, ಕಿತ್ತ ಬಾಗಿಲು ಎಲ್ಲವನ್ನೂ ಎತ್ತಿಕೊಂಡು ಬಂದವರೇ ಅವರು.

ಹೋಳಿ ಹುಣ್ಣಿಮೆಯ ರಾತ್ರಿ ನಮ್ಮ ಕಡೆ ಕಾಮಣ್ಣ ಸುಡುತ್ತಾನೆ, ಇಂಗ್ಲೆಂಡಿನಲ್ಲಿ ಹಳೆ ಅಂಗಿಯೊಳಗೆ ಹುಲ್ಲು ತುರುಕಿದ ಗೈ ಸುಡುತ್ತಾನೆ. ಸುಟ್ಟ ಮೇಲೆ ಎರಡೂ ಕಡೆ ಹೊಟ್ಟೆ ಹಸಿಯುತ್ತದೆ. ನಮ್ಮಲ್ಲಿ ಕಾಮನ ಕೆಂಡದಲ್ಲಿ ಕಡಲೆ. ಇಂಗ್ಲೆಂಡಿನಲ್ಲಿ ಬೂದಿಯೊಳಗೆ ಹೂತ ಆಲೂಗಡ್ಡೆ, ಓಟ್ಸ್ ಹಿಟ್ಟು, ಶುಂಠಿ, ಕಾಕಂಬಿ ಹಾಕಿ ಮಾಡಿದ ಪಾರ್ಕಿನ್ ಎಂಬ ಕೇಕು, ದೊಡ್ಡವರ ಕೈಯಲ್ಲಿ ಬಿಯರ್. ಇಂಗ್ಲೆಂಡಿನ ದಕ್ಷಿಣದ ಲೂಯಿಸ್ ಪಟ್ಟಣ ಈ ಹಬ್ಬಕ್ಕೆ ಹೆಸರುವಾಸಿ. ಅಲ್ಲಿ 1555ರಿಂದ 1557ರ ನಡುವೆ ಜೀವಂತ ಸುಡಲಾದ 17 ಪ್ರಾಟೆಸ್ಟಂಟರ ನೆನಪಿಗೆ ಉರಿಯುವ 17 ಶಿಲುಬೆಗಳ ಮೆರವಣಿಗೆ ಇಂದಿಗೂ ನಡೆಯುತ್ತದೆ. ಆ ಪಟ್ಟಣದ ಹಾರ್ವೀಸ್ ಬ್ರೂವರಿ ಹಬ್ಬದ ಕಾಲಕ್ಕೆಂದೇ 'ಬಾನ್‌ಫೈರ್ ಬಾಯ್' ಎಂಬ ಬಿಯರ್ ತೆಗೆದಿದೆ.

ಹಡಗಿನಲ್ಲಿ ಬಿಯರಿನ ಜೊತೆಗೆ ಪ್ರಾಟೆಸ್ಟಂಟ್-ಕ್ಯಾಥೊಲಿಕ್ ಹಗೆಯೂ ಟೊರಾಂಟೊಕ್ಕೆ ಬಂತು. 1864ರ ನವೆಂಬರ್ 5ರಂದು, ಪ್ರಾಟೆಸ್ಟಂಟ್ ಆರೆಂಜ್ ಸಂಘದವರು ಕ್ಯಾಥೊಲಿಕ್ಕರ ನಾಯಕನ ಪ್ರತಿಕೃತಿ ಸುಡುತ್ತಾರಂತೆ ಎಂಬ ಗಾಳಿಸುದ್ದಿ ಹಬ್ಬಿ, ನೂರಾರು ಐರಿಷ್ ಕ್ಯಾಥೊಲಿಕ್ಕರು ಆಯುಧ ಹಿಡಿದು ರಾತ್ರಿ ಈ ಊರಿನ ಬೀದಿಗಿಳಿದಿದ್ದರು. ಕಾಮಣ್ಣನಿಗಾದರೆ ಅತ್ತಕಡೆಯಿಂದ ಕತ್ತಿ ಹಿಡಿದು ಬರುವ ನೆಂಟರಿಲ್ಲ. ಗೈ ಫಾಕ್ಸನಿಗೆ ಇದ್ದರು.

ಕಣಿವೆಯಿಂದ ಮೇಲೆ ಹತ್ತಿ, ಪೇಪ್ ಸ್ಟೇಷನ್ನಿನಿಂದ 81ನೇ ನಂಬರಿನ ಬಸ್ಸು ಹಿಡಿಯಿರಿ. ಬಸ್ಸಿನ ತುಂಬ ದಿನಸಿ ಚೀಲ, ಮಕ್ಕಳ ತಳ್ಳುಗಾಡಿ, ಉರ್ದು, ಪಶ್ತೋ, ಗುಜರಾತಿ. 1927ರಲ್ಲಿ ಕಟ್ಟಿದ ಲೀಸೈಡ್ ಸೇತುವೆಯ ಮೇಲೆ ಬರುವಾಗ ಕಿಟಕಿಯ ಎರಡೂ ಬದಿಗೆ ಕಣಿವೆಯ ಹಸಿರು. ಸೇತುವೆ ದಾಟಿದ ಸ್ವಲ್ಪ ಹೊತ್ತಿಗೆ ಎತ್ತರದ ಅಪಾರ್ಟ್‌ಮೆಂಟುಗಳು ಸಾಲುಗಟ್ಟುತ್ತವೆ. ಇದೇ ಥಾರ್ನ್‌ಕ್ಲಿಫ್ ಪಾರ್ಕ್. 20 ಸಾವಿರಕ್ಕೂ ಹೆಚ್ಚು ಜನ, ಬಾಲ್ಕನಿ ಬಾಲ್ಕನಿಗೂ ಒಣಗುವ ಬಟ್ಟೆ.

ಈ ನೆಲ ಒಂದು ಕಾಲಕ್ಕೆ ಒಬ್ಬ ಬಿಯರ್ ಸಾಹುಕಾರನದು. ಟೊರಾಂಟೊದ ಕ್ವೀನ್ ಬೀದಿಯಲ್ಲಿ ಡೊಮಿನಿಯನ್ ಬ್ರೂವರಿ ನಡೆಸಿದ ರಾಬರ್ಟ್ ಡೇವಿಸ್, ಡಾನ್ ಕಣಿವೆಯ ಟಾಡ್ಮರ್ಡನ್‌ನ ಕಾಗದದ ಗಿರಣಿಗಳ ಒಡೆಯರಾದ ಟೇಲರ್ ಮನೆತನದ ಅಳಿಯ. ಬಿಯರಿನಿಂದ ಬಂದ ದುಡ್ಡಿನಲ್ಲಿ ಇಲ್ಲಿ ಥಾರ್ನ್‌ಕ್ಲಿಫ್ ಎಂಬ ಹೊಲಮನೆ ಇಟ್ಟು ಜಾತಿ ಕುದುರೆ ಸಾಕಿದ. ಅವನು 1916ರಲ್ಲಿ ತೀರಿಕೊಂಡ. ಮರುವರ್ಷ ಅದೇ ಜಾಗದಲ್ಲಿ ರೇಸ್ ಕೋರ್ಸ್ ತೆರೆಯಿತು. 1950ರ ದಶಕದ ಆರಂಭದಲ್ಲಿ ಅದೂ ಮುಚ್ಚಿ, ಅಪಾರ್ಟ್‌ಮೆಂಟುಗಳಿಗೆ ದಾರಿಯಾಯಿತು. ಕುದುರೆಗಳ ಕುರುಹು ಬೀದಿಯ ಫಲಕಗಳಲ್ಲಿ ಇನ್ನೂ ಇದೆ: ಗ್ರಾಂಡ್‌ಸ್ಟಾಂಡ್ ಪ್ಲೇಸ್, ಮೈಲ್‌ಪೋಸ್ಟ್ ಪ್ಲೇಸ್.

ಬಸ್ಸಿಳಿದು ಆರ್. ವಿ. ಬರ್ಜೆಸ್ ಪಾರ್ಕಿನ ಕಡೆ ನಡೆದರೆ ದಾರಿ ಕೇಳಬೇಕಾಗಿಲ್ಲ. ಮಕ್ಕಳ ಕೂಗು ಕರೆಯುತ್ತದೆ, ಹಿಂದೆಯೇ ಎಣ್ಣೆಯಲ್ಲಿ ಬೇಯುವ ಪಕೋಡದ ವಾಸನೆ. ಇದು ಶುಕ್ರವಾರದ ಬಜಾರ್. ಮೇಜಿನ ಮೇಲೆ ಹರವಿದ ಸಲ್ವಾರ್ ಕಮೀಜು, ಗಾಜಿನ ಬಳೆ, ಮೆಹಂದಿ ಕೋನು, ಸಮೋಸ. ನೀರು ಚಿಮ್ಮುವ ಅಂಗಳದಲ್ಲಿ ಒದ್ದೆ ಬಟ್ಟೆಯ ಚಿಳ್ಳೆಪಿಳ್ಳೆಗಳು ಓಡುತ್ತಿವೆ. ಒಬ್ಬ ಅಜ್ಜ ಬೆಂಚಿನ ಮೇಲೆ ಕುಳಿತು ಇಡೀ ಸಂತೆಗೆ ತಾನೇ ಯಜಮಾನನೆಂಬಂತೆ ನೋಡುತ್ತಿದ್ದಾನೆ.

ಒಲೆಯ ಹತ್ತಿರ ಬಂದರೆ ಮುಖಕ್ಕೆ ಝಳ ಬಡಿಯುತ್ತದೆ. 2013ರಲ್ಲಿ ಇಲ್ಲಿ ಹೂಡಿದ ಈ ತಂದೂರ್, ಉತ್ತರ ಅಮೆರಿಕದ ಸಾರ್ವಜನಿಕ ಉದ್ಯಾನಗಳಲ್ಲಿ ಮೊದಲನೆಯದು ಎಂದು ಹೆಸರಾಗಿದೆ. ಹಾಳುಬಿದ್ದಿದ್ದ ಪಾರ್ಕನ್ನು ನೋಡಿ ಬೇಸತ್ತು ಸಬೀನಾ ಅಲಿ ಮತ್ತು ನೆರೆಯ ಹೆಂಗಸರು 2008ರಲ್ಲಿ ಥಾರ್ನ್‌ಕ್ಲಿಫ್ ಪಾರ್ಕ್ ವಿಮೆನ್ಸ್ ಕಮಿಟಿ ಕಟ್ಟಿದರು. ಬಜಾರ್ ಅವರದು, ತಂದೂರೂ ಅವರದು. ಟೊರಾಂಟೊದಲ್ಲಿ ಬಯಲಿನಲ್ಲಿ ಬೆಂಕಿ ಹಾಕುವುದು ನಿಷಿದ್ಧ. ಪಾರ್ಕಿನ ಅಗ್ಗಿಷ್ಟಿಕೆಗೂ ಪರ್ಮಿಟ್ ಬೇಕು. ಅಂಥ ಊರಿನಲ್ಲಿ ಅರ್ಜಿ, ನಿಯಮ, ಒಪ್ಪಿಗೆಗಳನ್ನೆಲ್ಲ ದಾಟಿ ಹೊತ್ತಿಸಿಕೊಂಡ ಉರಿ ಇದು.

ಈಗ ಕೈಗಳನ್ನು ನೋಡಿ. ಒಂದು ಕೈ ಹಿಟ್ಟಿನ ಉಂಡೆ ತಟ್ಟಿ ಅಗಲ ಮಾಡುತ್ತದೆ. ಬಟ್ಟೆಯ ದಿಂಬಿನ ಮೇಲೆ ಅದನ್ನು ಹರಡಿ, ಮೊಣಕೈವರೆಗೂ ಒಲೆಯೊಳಗೆ ಇಳಿಸಿ, ಮಣ್ಣಿನ ಗೋಡೆಗೆ ಪಟ್ಟನೆ ಬಡಿದು ಕೈ ಹಿಂದೆಗೆಯಬೇಕು. ತಡವಾದರೆ ಕೂದಲು ಸುಡುತ್ತದೆ. ಅವಸರ ಮಾಡಿದರೆ ನಾನ್ ಕೆಂಡಕ್ಕೆ ಬೀಳುತ್ತದೆ. ಗೋಡೆಗೆ ಅಂಟಿದ್ದು ಉಬ್ಬಿ, ಅಲ್ಲಲ್ಲಿ ಕಪ್ಪು ಚುಕ್ಕೆ ಎದ್ದೊಡನೆ ಕಬ್ಬಿಣದ ಕೊಕ್ಕೆ ಅದನ್ನು ಎಳೆದು ಹೊರಹಾಕುತ್ತದೆ.

"ಕಿತ್ತೆ ಹೋನಾ ಭಾಯ್?"

ಬೆಂಗಳೂರಿನ ಶಿವಾಜಿನಗರದಲ್ಲಿ ಕಿವಿಗೆ ಬಿದ್ದು ರೂಢಿಯಾದ ಅದೇ ದಖನಿ. ಎರಡು ಎಂದು ಬೆರಳು ತೋರಿಸಿದರೆ ಆಂಟಿ ಮೂರು ಸುತ್ತಿ ಕೊಡುತ್ತಾರೆ, ಮೂರನೆಯದಕ್ಕೆ ದುಡ್ಡು ಕೇಳುವುದಿಲ್ಲ. ನನ್ನ ಮುಂದೆ ನಿಂತಿದ್ದ ಅಫ್ಘನ್ ಹುಡುಗ ಬಿಸಿ ತಾಳದೆ ನಾನ್ ರೊಟ್ಟಿಯನ್ನು ಕೈಯಿಂದ ಕೈಗೆ ಹಾರಿಸುತ್ತ ಓಡುತ್ತಾನೆ. ಇಲ್ಲಿ ಬಿಯರ್ ಇಲ್ಲ. ಬಹುಪಾಲು ಮುಸ್ಲಿಮರ ಬಡಾವಣೆ, ಯಾರೂ ಅದನ್ನು ನೆನೆಯುವುದೂ ಇಲ್ಲ. ಲೋಟದಲ್ಲಿರುವುದು ಚಹಾ.

ಬೆಂಕಿಹಬ್ಬಗಳಿಗೆ ಎರಡು ಪಾಲುಗಳಿರುತ್ತವೆ ಅನ್ನಿಸುತ್ತದೆ. ಮೊದಲನೆಯದರಲ್ಲಿ ಯಾರನ್ನೋ ಸುಡುತ್ತೇವೆ, ಎರಡನೆಯದರಲ್ಲಿ ಏನನ್ನೋ ಬೇಯಿಸಿ ಹಂಚಿ ತಿನ್ನುತ್ತೇವೆ. ಲೂಯಿಸ್‌ನವರು ಮೊದಲ ಪಾಲನ್ನು ಜತನ ಮಾಡಿಕೊಂಡಿದ್ದಾರೆ. ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನಲ್ಲಿ ನವೆಂಬರ್ 5ರ ಬೆಂಕಿ ಇನ್ನೂ ಹೊತ್ತುತ್ತದೆ. ಥಾರ್ನ್‌ಕ್ಲಿಫ್‌ನ ಈ ಹೆಂಗಸರು ಮೊದಲ ಪಾಲನ್ನು ಹೊರಗಿಟ್ಟು ಎರಡನೆಯದನ್ನಷ್ಟೇ ಇಟ್ಟುಕೊಂಡರು. ಬೆಂಕಿಯ ಸುತ್ತ ಜನ ಸೇರಬೇಕಾದರೆ ಒಬ್ಬ ಶತ್ರು ಬೇಕೇಬೇಕು ಎಂಬ ಮಾತು ಈ ಸಾಲಿನಲ್ಲಿ ನಿಂತವರಿಗೆ ನಗು ತರಿಸೀತು. ಅವರಿಗೆ ಬೇಕಾಗಿರುವುದು ಬಿಸಿ ನಾನ್, ಅದೂ ಬೇಗ.

ಟೊರಾಂಟೊದಲ್ಲಿ ಕಾಮಣ್ಣನನ್ನು ಸುಡುವ ಆಸೆಯಿರುವ ಕನ್ನಡಿಗರು ಒಮ್ಮೆ ಇಲ್ಲಿಗೆ ಬಂದು, ಬೆಂಕಿಗೆ ಒಪ್ಪಿಗೆ ಪಡೆಯುವ ವಿದ್ಯೆಯನ್ನು ಈ ಆಂಟಿಯರಿಂದ ಕಲಿತು ಹೋಗಲಿ. ಜಾಗ ಸಿಕ್ಕೀತು, ಹಲಗಿಯನ್ನೂ ಹೇಗೋ ತರಿಸಬಹುದು. ಸೌದೆಯನ್ನು ಮಾತ್ರ ದುಡ್ಡು ಕೊಟ್ಟೇ ತರಬೇಕು: ಪರ್ಮಿಟ್ ಇರುವ ಬೆಂಕಿಗೆ ಕದ್ದ ಮಾಲು ನಡೆಯುವುದಿಲ್ಲ.